ಎರಡು ಸೀಟು, ಎರಡು ಲೆಕ್ಕ

ಮೊದಲ ದಿನ: ಬಯಲು ಹೆದ್ದಾರಿ, ಸ್ಟಿಯರಿಂಗ್ ಅಣ್ಣನ ಕೈಯಲ್ಲಿ

ಹೊರಡುವ ಮುನ್ನ ಪೆಟ್ರೋಲ್ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸುವುದನ್ನೇ ಅಣ್ಣ ಒಂದು ವಿಧಿಯಂತೆ ನೆರವೇರಿಸಿದ. ಪಂಪಿನ ನಳಿಕೆ ಮೊದಲ ಸಲ ‘ಟಕ್’ ಎಂದು ನಿಂತ ಕೂಡಲೇ ನಿಲ್ಲಿಸಬೇಕು, ಆಮೇಲೆ ಒಂದು ಹನಿಯೂ ಸುರಿಯಬಾರದು. ಮುಂದಿನ ಬಂಕ್‌ನಲ್ಲೂ ಹೀಗೆಯೇ ತುಂಬಿಸಿದರೆ ನಡುವೆ ಕಾರು ಕುಡಿದದ್ದು ಎಷ್ಟೆಂದು ತಿಳಿಯುತ್ತದೆ ಎಂಬುದು ಅವನ ವಾದ. ವಾದ ಸರಿಯಾದದ್ದೇ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಅನೇಕ ಕಾರುಗಳಲ್ಲಿ ಸ್ವಲ್ಪ ಉದಾರವಾಗಿಯೇ ಇರುತ್ತದೆ. ಟೈರು ತಣ್ಣಗಿರುವಾಗಲೇ ನಾಲ್ಕಕ್ಕೂ ಗಾಳಿ ನೋಡಿದ, ಒಂದಕ್ಕೆ ಹಿಡಿಸಿದ. ಡಿಕ್ಕಿಯಲ್ಲಿದ್ದ ನನ್ನ ಚೀಲವನ್ನು ಎತ್ತಿ ತೂಕ ಅಂದಾಜು ಮಾಡಿ ಮತ್ತೆ ಇಟ್ಟ. ಏನೂ ಹೇಳಲಿಲ್ಲ, ಆದರೆ ಮುಖ ಹೇಳಿತು.

ಕಾರು ನನ್ನದು, ಮಾಜ್ಡಾ ಎಂಎಕ್ಸ್-5. ಎರಡೇ ಸೀಟು, ಬಟ್ಟೆಯ ಚಾವಣಿ, ಮುಂದೆ ಎಂಜಿನ್, ಅದರ ಬಲವೆಲ್ಲ ಹಿಂದಿನ ಚಕ್ರಗಳಿಗೆ. ಈ ಮಾದರಿ ಮೊದಲು ಜನರ ಮುಂದೆ ಬಂದದ್ದು 1989ರಲ್ಲಿ. 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಿತ್ತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೊಂದಿಲ್ಲ. ಅದರ ಗುಟ್ಟೆಲ್ಲ ಇರುವುದು ತೂಕದಲ್ಲಿ: ಒಂದು ಟನ್ನಿನ ಆಸುಪಾಸು, ಅಷ್ಟೇ. ಡಿಕ್ಕಿಯೂ ಅದಕ್ಕೆ ತಕ್ಕಂತೆ 130 ಲೀಟರ್. ಎರಡು ಪುಟ್ಟ ಚೀಲ ಇಟ್ಟರೆ ಮುಚ್ಚಳ ಹಾಕುವಾಗ ಯೋಚಿಸಬೇಕು.

ಅಣ್ಣನ ಪ್ರಕಾರ ಸ್ಪೋರ್ಟ್ಸ್ ಕಾರು ಎಂದರೆ ಪೆಟ್ರೋಲನ್ನು ಶಬ್ದವಾಗಿ ಪರಿವರ್ತಿಸುವ ಯಂತ್ರ. ಅವನದು ಎತ್ತರದ, ಚೌಕನೆಯ, ದೊಡ್ಡ ಕಾರು. ಅದನ್ನು ಅವನು ಎಂದೂ 80 ದಾಟಿಸಿದವನಲ್ಲ. ಬಯಲು, ಬೆಟ್ಟ, ಪ್ರಸ್ಥಭೂಮಿ ಮೂರನ್ನೂ ಸುತ್ತಿ ಬರುವ ಯೋಚನೆ ಬಂದಾಗ ನಾವು ಮಾಡಿಕೊಂಡ ಒಪ್ಪಂದ ಇದು: ಸರದಿಯಂತೆ ಓಡಿಸುವುದು, ಪ್ರತಿ ಹಂತದ ಲೆಕ್ಕವನ್ನು ಬರೆದಿಡುವುದು, ಒಬ್ಬರು ಓಡಿಸುವಾಗ ಇನ್ನೊಬ್ಬರು ಬಾಯಿ ಹಾಕದಿರುವುದು. ಕೊನೆಯ ಷರತ್ತನ್ನು ಇಬ್ಬರೂ ಮುರಿದೆವು. ಮೊದಲು ಮುರಿದವಳು ನಾನು.

ಸಿಗ್ನಲ್ ಹಸಿರಾದಾಗ ಅಣ್ಣ ಹೊರಡುವ ರೀತಿ ನೋಡಬೇಕು. ಆಕ್ಸಿಲರೇಟರಿನ ಮೇಲೆ ಪಾದ ಇಟ್ಟಿದ್ದಾನೋ ಇಲ್ಲವೋ ಎಂದು ಸಂದೇಹ ಬರುವಷ್ಟು ಮೆಲ್ಲಗೆ. ಎರಡನೆಯ ಗೇರ್‌ನಲ್ಲಿ ಅಷ್ಟು ದೂರ, ಮೂರನೆಯದರಲ್ಲಿ ಇನ್ನಷ್ಟು ದೂರ. ಹಿಂದಿನವರು ಹಾರ್ನ್ ಹೊಡೆಯುವವರೆಗೆ ನಾನು ತಡೆದುಕೊಂಡೆ. ಆಮೇಲೆ ಹೇಳಿದೆ: “ಅಣ್ಣಾ, ಇದರಿಂದ ಉಳಿತಾಯವೇನೂ ಆಗುವುದಿಲ್ಲ.” ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಕವಾಟವಿದೆ. ಪಾದ ಹಗುರಾಗಿ ಇಟ್ಟಷ್ಟೂ ಅದು ಮುಚ್ಚಿಕೊಂಡಿರುತ್ತದೆ. ಮುಚ್ಚಿದ ದಾರಿಯಿಂದ ಗಾಳಿ ಹೀರುವುದಕ್ಕೇ ಎಂಜಿನ್ ತನ್ನ ಶಕ್ತಿಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಕವಾಟವನ್ನು ಸಾಕಷ್ಟು ತೆರೆದು, ಎಂಜಿನ್ ಕೂಗಾಡುವ ಮೊದಲೇ ಮೇಲಿನ ಗೇರಿಗೆ ಹೋಗಿ, ಬೇಕಾದ ವೇಗ ಬಂದ ಮೇಲೆ ಪಾದ ಸಡಿಲಿಸುವುದು ಇದಕ್ಕಿಂತ ವಾಸಿ. ಅಣ್ಣ ಇದನ್ನು ಒಪ್ಪಲಿಲ್ಲ. ಆದರೆ ಮುಂದಿನ ಸಿಗ್ನಲ್‌ನಲ್ಲಿ ಚುರುಕಾಗಿಯೇ ಹೊರಟ. ಹಿಂದಿನ ಹಾರ್ನಿನ ಪರಿಣಾಮ ಎಂದು ಅವನ ಸಮಜಾಯಿಷಿ.

ಹೆದ್ದಾರಿ ಸಿಕ್ಕ ಮೇಲೆ ಅವನ ನಿಜವಾದ ಕಲೆ ಕಂಡಿತು. ನಿಧಾನದ ಪಥ, ಆರನೆಯ ಗೇರ್, ಗಂಟೆಗೆ 80. ಅರ್ಧ ಕಿಲೋಮೀಟರ್ ಮುಂದೆ ಯಾವುದೋ ಲಾರಿಯ ಹಿಂದೀಪ ಕೆಂಪಗಾದರೆ ಸಾಕು, ಇವನ ಪಾದ ಆಗಲೇ ಮೇಲೆದ್ದಿರುತ್ತದೆ. ಬ್ರೇಕ್ ಮುಟ್ಟುವುದೆಂದರೆ ಅವನ ಪಾಲಿಗೆ ಸೋಲು. ಒಂದು ಸಣ್ಣ ಏರು ಬಂದರೆ ಅದರ ಮೊದಲೇ ನಾಲ್ಕೈದು ಕಿಲೋಮೀಟರ್ ವೇಗ ಕೂಡಿಸಿಕೊಂಡು, ಏರಿನಲ್ಲಿ ಅದನ್ನು ಕರಗಲು ಬಿಟ್ಟು, ಇಳಿಜಾರಿನಲ್ಲಿ ವಾಪಸು ಪಡೆಯುತ್ತಾನೆ. ದೊಡ್ಡ ಲಾರಿಯ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆ ತಪ್ಪಿಸಿಕೊಳ್ಳುವ ಹುಚ್ಚು ಕೆಲವರಿಗಿದೆಯಂತೆ. ಲಾರಿ ಬ್ರೇಕ್ ಹಾಕಿದರೆ ಉಳಿಸಿದ ಪೆಟ್ರೋಲಿನ ಲೆಕ್ಕ ಕೇಳಲು ಯಾರೂ ಉಳಿಯುವುದಿಲ್ಲ. ಪುಣ್ಯಕ್ಕೆ ಅಣ್ಣನಿಗೆ ಆ ಚಾಳಿ ಇಲ್ಲ.

ನನಗೆ ಮಾತ್ರ ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯತೊಡಗಿತು. ನೇರ ರಸ್ತೆಯಲ್ಲಿ 80ರಲ್ಲಿ ಕೂತವರಿಗೆ ಮಾಡಲು ಏನೂ ಕೆಲಸವಿಲ್ಲ. ಸ್ಟಿಯರಿಂಗ್ ಹಿಡಿದವನಿಗಾದರೂ ಲೆಕ್ಕ ಹಾಕುವ ಕೆಲಸವಿತ್ತು. ಒಟ್ಟು 360 ಕಿಲೋಮೀಟರ್, ನಿಂತ ಹೊತ್ತು ಬಿಟ್ಟರೆ ನಾಲ್ಕೂವರೆ ಗಂಟೆ. ಸಂಜೆ ಬಂಕ್‌ನಲ್ಲಿ ‘ಟಕ್’ ಎನ್ನುವವರೆಗೆ ತುಂಬಿಸಿದಾಗ ಹಿಡಿದದ್ದು 18 ಲೀಟರ್. ಲೀಟರಿಗೆ 20 ಕಿಲೋಮೀಟರ್. ಅವನ ಎತ್ತರದ ಕಾರು ಇದೇ 80ರಲ್ಲಿ 16 ಕೊಟ್ಟರೆ ಹೆಚ್ಚು. ಅದರ ಎದೆಗೆ ಬಡಿಯುವ ಗಾಳಿಯ ಅಗಲ ಎತ್ತರ ನೋಡಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಣ್ಣ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು, ಸುತ್ತ ಒಂದು ವೃತ್ತ ಎಳೆದು, ಬಹಳ ಹೊತ್ತು ಸುಮ್ಮನಿದ್ದ.

ಆ ಮೌನವನ್ನು ನಾನು ಒಂದು ಹಳೆಯ ಕಥೆಯಿಂದ ಕೆಡಿಸಿದೆ. 1939ರಲ್ಲಿ ಅಮೆರಿಕದ ಇಲಿನಾಯ್ಸ್‌ನ ವುಡ್ ರಿವರ್‌ನಲ್ಲಿದ್ದ ಶೆಲ್ ಕಂಪನಿಯ ಪ್ರಯೋಗಾಲಯದ ವಿಜ್ಞಾನಿಗಳು, ಒಂದು ಗ್ಯಾಲನ್ ಇಂಧನದಲ್ಲಿ ಯಾರ ಕಾರು ಹೆಚ್ಚು ದೂರ ಹೋಗುತ್ತದೆ ಎಂದು ತಮ್ಮತಮ್ಮಲ್ಲೇ ಪಂತ ಕಟ್ಟಿದ್ದರು. ಗೆದ್ದವನು ಹೋದದ್ದು 50 ಮೈಲಿಗೆ ಕೂದಲೆಳೆಯಷ್ಟು ಕಡಿಮೆ, ಅಂದರೆ ಲೀಟರಿಗೆ ಸುಮಾರು 21 ಕಿಲೋಮೀಟರ್. ಆ ಪಂತವೇ ಬೆಳೆದು ಇಂದಿನ ಇಕೋ-ಮ್ಯಾರಥಾನ್ ಎಂಬ ಮೈಲೇಜ್ ಸ್ಪರ್ಧೆಯಾಗಿದೆ. ಅಲ್ಲಿನ ವಿಶೇಷ ವಾಹನಗಳು ಲೀಟರಿಗೆ ಸಾವಿರಾರು ಕಿಲೋಮೀಟರ್ ಸಾಧಿಸುತ್ತವೆ. “ಅಂದರೆ 1939ರ ಕಾರಿಗೂ ನಾವು ಸೋತೆವು?” ಎಂದ ಅಣ್ಣ. ಅವರ ವೇಗ ಎಷ್ಟಿತ್ತೋ, ರಸ್ತೆ ಹೇಗಿತ್ತೋ ಎಂದು ಸಮಾಧಾನ ಹೇಳಿದೆ. ಅವನು ವೃತ್ತದ ಪಕ್ಕದಲ್ಲಿ ‘21’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ.

ಎರಡನೆಯ ದಿನ: ಅದೇ ಬಯಲು, ನನ್ನ ಸರದಿ

ಮುಂದಿನ ಹಂತವೂ ಹೆಚ್ಚುಕಡಿಮೆ 360 ಕಿಲೋಮೀಟರ್, ಹಾಗೆಯೇ ಸಮತಟ್ಟು, ಹಾಗೆಯೇ ನೇರ. ಮಿತಿ 120. ನಾನು 120ಕ್ಕೆ ಹೋದೆ, ಅಲ್ಲಿಯೇ ಇದ್ದೆ.

ಮೊದಲ ಅರ್ಧ ಗಂಟೆ ಚೆನ್ನಾಗಿತ್ತು ಎನ್ನಬೇಕು. ಓವರ್‌ಟೇಕ್ ಮಾಡುವ ಸುಖ, ನಿನ್ನೆ ನಮ್ಮನ್ನು ದಾಟಿ ಹೋದಂಥ ಲಾರಿಗಳನ್ನು ಇಂದು ಹಿಂದಿಕ್ಕುವ ಸಣ್ಣ ಸೇಡು. ಆಮೇಲೆ ಉಳಿದದ್ದು ಗಾಳಿಯ ಗದ್ದಲ. ಬಟ್ಟೆಯ ಚಾವಣಿಯ ಕಾರಿನಲ್ಲಿ 120ರಲ್ಲಿ ಮಾತನಾಡಬೇಕಾದರೆ ದನಿ ಏರಿಸಬೇಕು. ಅಣ್ಣನಂತೂ ಮಾತನಾಡುವುದನ್ನೇ ಬಿಟ್ಟು, ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ತೋರಿಸುವ ಅಂಕಿಯನ್ನು ನೋಡುತ್ತ ಕೂತ. ಸ್ಟಿಯರಿಂಗ್ ಹಿಡಿದ ನನಗೂ ನಿನ್ನೆಗಿಂತ ಹೆಚ್ಚಿನ ಕೆಲಸವೇನೂ ಇರಲಿಲ್ಲ. ಈ ಕಾರು ಇರುವುದೇ ತಿರುಗುವುದಕ್ಕೆ. ನೇರ ರಸ್ತೆಯಲ್ಲಿ ಅದರ ಜಾಣತನವೆಲ್ಲ ವ್ಯರ್ಥ. ಕೆಳಮಟ್ಟದ ಸೀಟು, ಚಿಕ್ಕ ಸ್ಟಿಯರಿಂಗ್, ಕೈಗೆ ಹತ್ತಿರದ ಗೇರ್ ಕಡ್ಡಿ ಯಾವುದಕ್ಕೂ ಅಲ್ಲಿ ಕೆಲಸವಿಲ್ಲ. ಅದೇ 120ನ್ನು ಅಣ್ಣನ ದೊಡ್ಡ ಕಾರಿನಲ್ಲಿ ಹೋಗಿದ್ದರೆ ಸೊಂಟಕ್ಕೂ ಕಿವಿಗೂ ಹಿತವಾಗಿರುತ್ತಿತ್ತು.

ಮಧ್ಯಾಹ್ನ ನೆರಳಿನಲ್ಲಿ ನಿಲ್ಲಿಸಿದಾಗ ಅಣ್ಣ ಪುಸ್ತಕ ತೆರೆದ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಅವನಿಗೆ ಶಾಲೆಯಿಂದಲೇ ಬಾಯಿಪಾಠ. 80ರಲ್ಲಿನ ತಡೆಯನ್ನು ಒಂದು ಎಂದುಕೊಂಡರೆ 100ರಲ್ಲಿ ಅದು ಒಂದೂವರೆ ದಾಟುತ್ತದೆ, 120ರಲ್ಲಿ ಎರಡೂಕಾಲು, 140ರಲ್ಲಿ ಮೂರಕ್ಕೂ ಮೇಲೆ. ಆ ಕಡೆ ತಡೆ ಹೀಗೆ ಏರುತ್ತ ಹೋದರೆ ಈ ಕಡೆ ಸಿಗುವ ಸಮಯ ಇಳಿಯುತ್ತ ಬರುತ್ತದೆ. ಇದೇ 360 ಕಿಲೋಮೀಟರನ್ನು 80ರ ಬದಲು 100ರಲ್ಲಿ ಹೋದರೆ 54 ನಿಮಿಷ ಲಾಭ. 100ರಿಂದ 120ಕ್ಕೆ ಏರಿಸಿದರೆ ಇನ್ನು 36 ನಿಮಿಷ. 140ಕ್ಕೆ ಏರಿಸಿದರೆ ಸಿಗುವುದು ಮತ್ತೆ 26 ನಿಮಿಷವೂ ಅಲ್ಲ. “ಪ್ರತಿ ಸಲವೂ ಕೊಡುವುದು ಹೆಚ್ಚು, ಪಡೆಯುವುದು ಕಡಿಮೆ. ಇಂಥ ವ್ಯಾಪಾರವನ್ನು ನೀನು ಬೇರೆಲ್ಲಾದರೂ ಮಾಡುತ್ತೀಯಾ?” ಎಂದು ಕೇಳಿದ.

ಈ ಪ್ರಶ್ನೆಗೆ ಇತಿಹಾಸದಲ್ಲಿ ಸರಕಾರಗಳೇ ಉತ್ತರ ಕೊಟ್ಟಿವೆ. 1973ರ ತೈಲ ಬಿಕ್ಕಟ್ಟಿನಲ್ಲಿ, ವೇಗದ ಮಿತಿಯೇ ಇಲ್ಲದ ಹೆದ್ದಾರಿಗಳಿಗೆ ಹೆಸರಾದ ಪಶ್ಚಿಮ ಜರ್ಮನಿ ಕೂಡ ಆಟೊಬಾನ್‌ಗಳಲ್ಲಿ 100ರ ಮಿತಿ ಹಾಕಿತ್ತು. ಅದು ಕೆಲವೇ ತಿಂಗಳು ನಡೆದು 1974ರ ಮಾರ್ಚ್‌ನಲ್ಲಿ ಹೋಯಿತು. ಅಮೆರಿಕದಲ್ಲಿ 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ 55 ಮೈಲಿಯ, ಅಂದರೆ ಸುಮಾರು 88 ಕಿಲೋಮೀಟರಿನ ಮಿತಿ ಮಾತ್ರ ಎರಡು ದಶಕ ಬಾಳಿತು. 1995ರಲ್ಲಿ ಪೂರ್ತಿ ಕೈಬಿಟ್ಟರು. ಜನ ಅದನ್ನು ಪ್ರೀತಿಸಿದ್ದಕ್ಕಂತೂ ಪುರಾವೆ ಇಲ್ಲ. ನಿಧಾನವನ್ನು ಕಾನೂನಿನಿಂದ ಹೇರಿದರೆ ಜನ ರಸ್ತೆಯ ಬದಲು ಪೊಲೀಸರನ್ನು ನೋಡುತ್ತ ಓಡಿಸುತ್ತಾರೆ ಎಂದು ನಾನು ಹೇಳಿದೆ. ಅಣ್ಣನಿಗೆ ಆ ಮಿತಿ ಈಗಲೂ ಇದ್ದಿದ್ದರೆ ಸಂತೋಷವಾಗುತ್ತಿತ್ತು.

ಸಂಜೆ ಟ್ಯಾಂಕ್ ಹಿಡಿದದ್ದು ಇಪ್ಪತ್ತೈದೂವರೆ ಲೀಟರ್. ಲೀಟರಿಗೆ 14. ನಿನ್ನೆಗಿಂತ ಏಳೂವರೆ ಲೀಟರ್ ಹೆಚ್ಚು ಸುಟ್ಟು ಒಂದೂವರೆ ಗಂಟೆ ಮೊದಲು ತಲುಪಿದ್ದೆವು. ಒಂದು ಗಂಟೆಗೆ ಐದು ಲೀಟರ್ ಎಂದು ಅಣ್ಣ ದರ ಕಟ್ಟಿದ. ತುರ್ತು ಇದ್ದವರಿಗೆ, ಮನೆಯಲ್ಲಿ ಮಗು ಕಾಯುತ್ತಿರುವವರಿಗೆ ಆ ದರ ಅಗ್ಗವೇ ಇರಬಹುದು. ನಮಗೆ ತುರ್ತು ಇರಲಿಲ್ಲ. ಉಳಿದ ಒಂದೂವರೆ ಗಂಟೆಯಲ್ಲಿ ನಾನು ಮಾಡಿದ್ದು, ಕಿವಿಯಲ್ಲಿ ಉಳಿದ ಗುಂಯ್‌ಗುಟ್ಟುವಿಕೆ ಇಳಿಯಲೆಂದು ಮಲಗಿದ್ದು.

ನನ್ನನ್ನು ಸಮರ್ಥಿಸಿಕೊಳ್ಳಲು ಬುಗಾಟಿ ವೇರಾನ್ ಕಾರಿನ ಮಾತು ತೆಗೆದೆ. 2005ರಲ್ಲಿ ಬಂದ, ಸಾವಿರ ಅಶ್ವಶಕ್ತಿಯ ಆ ಕಾರು ತನ್ನ ಗರಿಷ್ಠ ವೇಗವಾದ 400 ಕಿಲೋಮೀಟರಿನ ಮೇಲೆ ಓಡಿದರೆ 100 ಲೀಟರಿನ ಟ್ಯಾಂಕ್ ಸುಮಾರು ಹನ್ನೆರಡು ನಿಮಿಷದಲ್ಲಿ ಬರಿದಾಗುತ್ತದೆ. ಅದರೆದುರು ನಮ್ಮದು ಸಂನ್ಯಾಸಿಯ ಬದುಕು. “ಅದನ್ನು ಕೊಂಡವನು ಹನ್ನೆರಡು ನಿಮಿಷ ಓಡಿಸುವುದಿಲ್ಲ, ನೀನು ಮೂರು ಗಂಟೆ ಓಡಿಸಿದೆ” ಎಂದು ಅಣ್ಣ ಅಲ್ಲಿಗೆ ಮುಗಿಸಿದ.

ಮೂರನೆಯ ದಿನ: ಬೆಟ್ಟ

ಬೆಳಿಗ್ಗೆ ಎದ್ದರೆ ಮುಂದೆ ಬೆಟ್ಟಗಳ ಸಾಲು. ಎರಡು ಕಣಿವೆ ಮಾರ್ಗಗಳನ್ನು ಹತ್ತಿ ಇಳಿಯಬೇಕು, ಎರಡೂ ಬುಡದಿಂದ ಸುಮಾರು ಸಾವಿರ ಮೀಟರ್ ಎತ್ತರ, ಏರುವ ದಾರಿ ಇಪ್ಪತ್ತು ಕಿಲೋಮೀಟರಿನಷ್ಟು, ತಿರುವುಗಳು ನಲವತ್ತಕ್ಕೂ ಹೆಚ್ಚು. ಮೊದಲನೆಯದು ಅಣ್ಣನಿಗೆ, ಎರಡನೆಯದು ನನಗೆ.

ಹೊರಡುವ ಮೊದಲು ಅಣ್ಣ ಒಂದು ಲೆಕ್ಕ ತೋರಿಸಿದ. ಕಾರು, ನಾವಿಬ್ಬರು, ಚೀಲ ಸೇರಿ 1,200 ಕಿಲೋ. ಇಷ್ಟನ್ನು ಸಾವಿರ ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ಸುಮಾರು 12 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 32ರಿಂದ 34 ಮೆಗಾಜೂಲ್ ಇದ್ದರೂ ಅದರ ಬಹುಪಾಲು ಬಿಸಿಯಾಗಿ ಹೋಗುತ್ತದೆ, ಚಕ್ರ ಮುಟ್ಟುವುದು ಹೆಚ್ಚೆಂದರೆ ಹತ್ತು. ಆದ್ದರಿಂದ ಬರೀ ಎತ್ತರಕ್ಕಾಗಿ ಒಂದು ಲೀಟರಿಗಿಂತ ತುಸು ಹೆಚ್ಚು ಬೇಕೇ ಬೇಕು. ಅದು ಬೆಟ್ಟ ಕೇಳುವ ಸುಂಕ, ಯಾರು ಓಡಿಸಿದರೂ ಅಷ್ಟೇ. ಉಳಿದದ್ದು ಓಡಿಸುವವರ ಕಾಲಿಗೆ ಬಿಟ್ಟದ್ದು. 80ರಲ್ಲಿ ಬಂದು ತಿರುವಿನ ಮುಂದೆ 40ಕ್ಕೆ ಬ್ರೇಕ್ ಹಾಕಿ, ಮತ್ತೆ 80ಕ್ಕೆ ಏರಿಸಿದರೆ ಬ್ರೇಕಿನ ಬಿಸಿಗೆ ಬಲಿಯಾಗುವ ಪೆಟ್ರೋಲ್ 22 ಮಿಲಿಲೀಟರ್. “ನಾಲ್ಕು ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಪ್ರತಿ ತಿರುವಿನಲ್ಲೂ ನಾಲ್ಕು ಚಮಚವನ್ನು ರಸ್ತೆಗೆ ಚೆಲ್ಲಿದ ಹಾಗೆ.” ಅಂದಿನಿಂದ ನಮ್ಮಿಬ್ಬರ ನಡುವೆ ಚಮಚವೇ ಮಾನ.

ಅಣ್ಣನ ಏರಿಕೆ ಮಂದಗತಿಯ ಮೆರವಣಿಗೆಯಾಗಿರುತ್ತದೆಂದು ನಾನು ಆರಾಮವಾಗಿ ಒರಗಿ ಕೂತಿದ್ದೆ. ನೇರ ತುಂಡುಗಳಲ್ಲಿ ಹಾಗೆಯೇ ಇತ್ತು: ಮೂರನೆಯ ಗೇರ್, 55 ಅಥವಾ 60, ಅವಸರವಿಲ್ಲ. ಮೊದಲ ತಿರುವು ಬಂತು. ಅಣ್ಣ ಪಾದ ಎತ್ತಿದ, ಆದರೆ ಬ್ರೇಕ್ ಮುಟ್ಟಲಿಲ್ಲ. ತಿರುವು ಹತ್ತಿರವಾಯಿತು. ಇನ್ನೂ ಮುಟ್ಟಲಿಲ್ಲ. ನನ್ನ ಬಲಗಾಲು ತಾನಾಗಿ ಕಾರಿನ ನೆಲವನ್ನು ಒತ್ತಿತು. ಕಾರು ಹೊರಅಂಚಿನಿಂದ ಒಳಕ್ಕೆ ಬಾಗಿ, ಟೈರುಗಳು ಮೆಲ್ಲಗೆ ಗೊಣಗಿ, ತಿರುವಿನ ಒಳಮೂಲೆಯನ್ನು ಸವರಿಕೊಂಡು, ತನ್ನ ಪಥದ ಹೊರಅಂಚಿಗೆ ಬಂದು ನೆಟ್ಟಗಾಯಿತು. ವೇಗ ಕಳೆದುಕೊಂಡದ್ದು ಏಳೆಂಟು ಕಿಲೋಮೀಟರ್ ಮಾತ್ರ. ಎರಡನೆಯ ತಿರುವೂ ಹಾಗೆಯೇ. ಮೂರನೆಯದರಲ್ಲಿ ನಾನು ಬಾಗಿಲಿನ ಹಿಡಿ ಹಿಡಿದೆ.

ಇಲ್ಲಿ ಒಂದು ವಿಚಿತ್ರ ಇದೆ, ಅದನ್ನು ನಾನು ಈ ಮೊದಲು ಯೋಚಿಸಿರಲಿಲ್ಲ. ಬ್ರೇಕ್ ಹಾಕಬಾರದು ಎಂದು ಪಣ ತೊಟ್ಟವನಿಗೆ ತಿರುವಿನ ಒಳಗೆ ವೇಗವನ್ನು ಉಳಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಉಳಿಸಿಕೊಳ್ಳಬೇಕಾದರೆ ತಿರುವನ್ನು ಆದಷ್ಟು ಅಗಲವಾಗಿ ತೆಗೆದುಕೊಳ್ಳಬೇಕು, ಅದಕ್ಕೆ ಮುಂದಿನ ತಿರುವಿನ ಮುಂದಿನ ತಿರುವನ್ನೂ ನೋಡುತ್ತಿರಬೇಕು, ಸ್ಟಿಯರಿಂಗನ್ನು ಒಂದೇ ಸಲ, ಮೃದುವಾಗಿ ತಿರುಗಿಸಬೇಕು. ರೇಸ್ ಓಡಿಸುವವರಿಗೆ ಕಲಿಸುವ ಪಾಠವೂ ಬಹುಮಟ್ಟಿಗೆ ಇದೇ. ಕಡಿಮೆ ಬಲದ, ಹಗುರ ಕಾರುಗಳಲ್ಲಿ ಅದು ಇನ್ನೂ ನಿಜ. ಒಮ್ಮೆ ಕಳೆದ ವೇಗವನ್ನು ಅವು ಥಟ್ಟನೆ ವಾಪಸು ತಂದುಕೊಡಲಾರವು, ಆದ್ದರಿಂದ ಕಳೆಯದಿರುವುದೇ ಜಾಣತನ. ಅಣ್ಣ ಉಳಿತಾಯಕ್ಕೆಂದು ಕಲಿತ ವಿದ್ಯೆ, ಈ ಕಾರಿಗೆ ಹೇಳಿ ಮಾಡಿಸಿದ ವಿದ್ಯೆಯಾಗಿತ್ತು. ಅವನ ಎತ್ತರದ ಕಾರಿನಲ್ಲಿ ಅದು ಅವನಿಗೆ ತಿಳಿದಿರಲೇ ಇಲ್ಲ, ಏಕೆಂದರೆ ಆ ಕಾರು ತಿರುವಿನಲ್ಲಿ ಒಂದು ಬದಿಗೆ ವಾಲಿ ಅವನನ್ನು ಹೆದರಿಸುತ್ತದೆ. ಇದು ಅಷ್ಟು ವಾಲುವುದಿಲ್ಲ. ಹತ್ತನೆಯ ತಿರುವಿನ ಹೊತ್ತಿಗೆ ಅವನ ಮುಖ ನೋಡಿದೆ. ಲೆಕ್ಕ ಹಾಕುವವನ ಮುಖವಾಗಿರಲಿಲ್ಲ.

ಆದರೂ ಒಂದು ಕಡೆ ನಾನು ದನಿ ಎತ್ತಬೇಕಾಯಿತು. ಎದುರಿನ ದಾರಿ ಬಂಡೆಯ ಮರೆಯಲ್ಲಿದ್ದ ಒಂದು ಕುರುಡು ತಿರುವಿನಲ್ಲೂ ಅವನು ನಾಲ್ಕು ಚಮಚ ಉಳಿಸಲು ಹೊರಟಿದ್ದ. “ಬ್ರೇಕ್ ಹಾಕು ಅಣ್ಣಾ” ಎಂದೆ. ಹಾಕಿದ. ಆ ಕಡೆ ಒಂದು ಬಸ್ಸು ಅರ್ಧ ರಸ್ತೆ ಆಕ್ರಮಿಸಿಕೊಂಡು ಇಳಿಯುತ್ತಿತ್ತು. ಆಮೇಲೆ ಅವನು ಕಾಣದ ತಿರುವುಗಳಿಗೆ ಚಮಚದ ಲೆಕ್ಕ ಬಿಟ್ಟ.

ಇಳಿಜಾರಿನಲ್ಲಿ ಬೇರೆ ಜಗಳ. ಅಣ್ಣ ಗೇರನ್ನು ನ್ಯೂಟ್ರಲ್‌ಗೆ ತಳ್ಳಿದ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಹಳೆಯ ಸಾಧನವಾದ ಕಾರ್ಬ್ಯುರೇಟರ್ ಕಾಲದಲ್ಲಿ ಕಾರು ಕಲಿತವರ ಅಭ್ಯಾಸ ಅದು. ಕೆಲವರು ಎಂಜಿನ್ನನ್ನೇ ಆರಿಸಿ ಇಳಿಯುತ್ತಿದ್ದರು. ಈಗಿನ ಕಾರುಗಳಲ್ಲಿ ಅದು ಅಪಾಯವೂ ಹೌದು, ನಷ್ಟವೂ ಹೌದು. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲೆಂದು ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಗೇರ್‌ನಲ್ಲಿಟ್ಟು ಪಾದ ಪೂರ್ತಿ ಎತ್ತಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಆಗ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳು ಮುಚ್ಚಿಕೊಳ್ಳುತ್ತವೆ, ಒಂದು ಹನಿಯೂ ಹೋಗುವುದಿಲ್ಲ. ಜೊತೆಗೆ ಎಂಜಿನ್ ಹಿಡಿದಿಡುವುದರಿಂದ ಬ್ರೇಕುಗಳೂ ಕಾಯುವುದಿಲ್ಲ. ಎಂಜಿನ್ ಆರಿಸಿದರಂತೂ ಬ್ರೇಕಿಗೆ ಸಿಗುವ ನೆರವೇ ನಿಂತು, ಪೆಡಲ್ ಕಲ್ಲಾಗುತ್ತದೆ. ಮಾತಿನಿಂದ ಅಣ್ಣ ನಂಬುವವನಲ್ಲ. ಆ ಕ್ಷಣದ ಬಳಕೆಯನ್ನು ತೋರಿಸುವ ಅಂಕಿಯನ್ನು ಪರದೆಯಲ್ಲಿ ತೆರೆದು ಎರಡನ್ನೂ ಮಾಡಿ ನೋಡು ಎಂದೆ. ಗೇರ್‌ನಲ್ಲಿದ್ದಾಗ ಅದು ಸೊನ್ನೆಗೆ ಇಳಿಯಿತು. “ಇಷ್ಟು ವರ್ಷ ಯಾರೂ ಹೇಳಲಿಲ್ಲ” ಎಂದು ಉಳಿದ ಇಳಿಜಾರನ್ನು ಮೂರನೆಯ ಗೇರ್‌ನಲ್ಲೇ ಇಳಿದ.

ಎರಡನೆಯ ಬೆಟ್ಟದ ಬುಡದಲ್ಲಿ ಚಾವಣಿ ಮಡಚಿದೆ. ಗಾಳಿಯ ತಡೆ ಹೆಚ್ಚುತ್ತದೆ ಎಂಬ ಆಕ್ಷೇಪಣೆ ಬಂತು. 60ರಲ್ಲಿ ಅದು ಲೆಕ್ಕಕ್ಕೆ ಬರುವಷ್ಟಲ್ಲ ಎಂದು ತಳ್ಳಿಹಾಕಿದೆ.

ಆ ಇಪ್ಪತ್ತು ಕಿಲೋಮೀಟರನ್ನು ನಾನು ನನ್ನ ರೀತಿಯಲ್ಲಿ ಓಡಿಸಿದೆ. ನೇರ ತುಂಡಿನಲ್ಲಿ ಎರಡನೆಯ ಗೇರ್, ಎಂಜಿನ್ ಆರು ಸಾವಿರ ಸುತ್ತು, ಬಂಡೆಗೆ ಬಡಿದು ವಾಪಸು ಬರುವ ಅದರ ದನಿ, ತಿರುವಿನ ಮುಂದೆ ಗಟ್ಟಿಯಾದ ಬ್ರೇಕ್. ಬ್ರೇಕ್ ಬಿಡುವ ಕ್ಷಣದಲ್ಲಿ ಮೂತಿ ಒಳಗೆ ಹೊರಳುತ್ತದೆ, ಹಿಂದಿನ ಚಕ್ರಗಳು ಸೊಂಟದ ಕೆಳಗೆ ಒರಗಿ ಕಾರನ್ನು ತಳ್ಳುವುದು ಬೆನ್ನಿಗೆ ತಿಳಿಯುತ್ತದೆ. ಇದರಲ್ಲಿ ಯಾವುದೂ 80ನ್ನು ದಾಟಲಿಲ್ಲ. ನಿನ್ನೆಯ 120ರಲ್ಲಿ ನಿದ್ದೆ ಬರುವಂತಿತ್ತು, ಇಂದಿನ 50ರಲ್ಲಿ ಮೈಯೆಲ್ಲ ಎಚ್ಚರ. ಅಣ್ಣ ಪ್ರತಿ ತಿರುವಿಗೂ “ನಾಲ್ಕು ಚಮಚ” ಎನ್ನುತ್ತಿದ್ದವನು ಎಲ್ಲೋ ಮಧ್ಯದಲ್ಲಿ ಎಣಿಕೆ ಬಿಟ್ಟ. ಒಂದು ಕಡೆ ಮಾತ್ರ, “ಇಲ್ಲಿ ನೀನು ಬ್ರೇಕ್ ಹಾಕಬೇಕಾಗಿರಲಿಲ್ಲ, ನಾನಾಗಿದ್ದರೆ ಹಾಗೇ ಹೋಗುತ್ತಿದ್ದೆ” ಎಂದ. ತಿರುವು ತೆಗೆದುಕೊಳ್ಳುವ ವಿಷಯದಲ್ಲಿ ನನಗೆ ನನ್ನ ಅಣ್ಣನಿಂದ ಟೀಕೆ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಶಿಖರದಲ್ಲಿ ನಿಲ್ಲಿಸಿ ಅಂಕಿಗಳನ್ನು ಹೋಲಿಸಿದೆವು. ಅಣ್ಣನ ಏರಿಕೆ ಲೀಟರಿಗೆ 9, ನನ್ನದು 6ಕ್ಕಿಂತ ಚೂರು ಮೇಲೆ. ಕೇಳಲು ಘೋರವಾಗಿದೆ. ಆದರೆ ಇಪ್ಪತ್ತು ಕಿಲೋಮೀಟರಿಗೆ ಗುಣಿಸಿದರೆ ಇಬ್ಬರ ನಡುವಿನ ವ್ಯತ್ಯಾಸ ಒಂದು ಲೀಟರೂ ತುಂಬುವುದಿಲ್ಲ. ನೇರ ಹೆದ್ದಾರಿಯಲ್ಲಿ ಏನೂ ಅನಿಸದೆ ನಾನು ಕಳೆದದ್ದು ಏಳೂವರೆ. ಮೈಲೇಜ್ ಎಂಬ ಅಂಕಿಯ ಮೋಸವೇ ಇದು: ಲೀಟರಿಗೆ ಎಷ್ಟು ದೂರ ಎಂದು ಹೇಳುತ್ತದೆ, ಆ ಲೆಕ್ಕದಲ್ಲಿ ಒಟ್ಟು ಎಷ್ಟು ದೂರ ಓಡಿದಿರಿ ಎಂದು ಹೇಳುವುದಿಲ್ಲ. ಸ್ಪೋರ್ಟ್ಸ್ ಕಾರಿನ ಸಂತೋಷ ದುಬಾರಿ ಎನ್ನುವವರು ಸಾಮಾನ್ಯವಾಗಿ ಬೆಟ್ಟವನ್ನು ಬೈಯುತ್ತಾರೆ, ಹೆದ್ದಾರಿಯನ್ನು ಬಿಟ್ಟುಬಿಡುತ್ತಾರೆ.

ನಾಲ್ಕನೆಯ ದಿನ: ಪ್ರಸ್ಥಭೂಮಿ, ಮಳೆ

ಬೆಳಗಿನಿಂದ ಮಳೆ. ಅಣ್ಣ ಓಡಿಸಿದ, 70ರಲ್ಲಿ. ರಸ್ತೆಯ ಮೇಲಿನ ನೀರನ್ನು ಟೈರುಗಳು ಬದಿಗೆ ತಳ್ಳುತ್ತ ಹೋಗಬೇಕಾದ್ದರಿಂದ, ಮೊದಲ ದಿನಕ್ಕಿಂತ ನಿಧಾನವಾಗಿ ಹೋದರೂ ಅದರ ಮೈಲೇಜ್ ಸಿಗಲಿಲ್ಲ. ಎದುರು ಗಾಳಿ ಬೇರೆ. ಗಂಟೆಗೆ 30 ಕಿಲೋಮೀಟರಿನ ಗಾಳಿ ಎದುರಾದರೆ ಕಾರಿನ ಮೈಗೆ 70 ಎನ್ನುವುದು 100 ಆಗುತ್ತದೆ. ಅಣ್ಣನಿಗೆ ಇದು ಅನ್ಯಾಯ ಎನಿಸಿತು.

ಸಂಜೆ ಮಳೆ ನಿಂತು ಬಿಸಿಲು ಬಂತು. ಚಾವಣಿ ಮಡಚಿ, ಖಾಲಿ ರಸ್ತೆಯಲ್ಲಿ 60ರಲ್ಲಿ ಹೋದೆವು, ನಾನು ಓಡಿಸುತ್ತ. ಒದ್ದೆ ಮಣ್ಣಿನ ವಾಸನೆ, ಮಾತಿಗೆ ದನಿ ಏರಿಸಬೇಕಿಲ್ಲ. ತೆರೆದ ಕಾರಿನಲ್ಲಿ ನಿಧಾನವಾಗಿ ಹೋಗುವುದು ಉಳಿತಾಯಕ್ಕಾಗಿ ಮಾಡುವ ತ್ಯಾಗ ಎಂದು ಯಾರಾದರೂ ಹೇಳಿದರೆ ಅವರು ಅದನ್ನು ಮಾಡಿ ನೋಡಿಲ್ಲ.

ಕೊನೆಯ ದಿನ: ನಗರದ ಹೊರವರ್ತುಲ

ವಾಪಸು ಬರುವಾಗ ಹೆದ್ದಾರಿಯಲ್ಲಿ ನಾನು 95ಕ್ಕೆ ಇಟ್ಟುಕೊಂಡೆ. ಅಣ್ಣ 80 ಕೇಳಿದ, ನಾನು 110 ಕೇಳಿದೆ, ಚೌಕಾಸಿಯಲ್ಲಿ ಬಂದ ಸಂಖ್ಯೆ ಅದು. ಲೀಟರಿಗೆ 18ರ ಹತ್ತಿರ ಸಿಗುತ್ತಿತ್ತು, ಇಬ್ಬರೂ ಶಾಂತವಾಗಿದ್ದೆವು.

ನಗರದ ಹೊರವರ್ತುಲ ರಸ್ತೆ ಸೇರಿದ್ದು ಕಚೇರಿಗಳು ಬಿಡುವ ಹೊತ್ತಿಗೆ. 25 ಕಿಲೋಮೀಟರಿಗೆ ಎರಡು ಗಂಟೆ. ಮೊದಲ ಗೇರ್, ಕ್ಲಚ್, ಬ್ರೇಕ್, ಮತ್ತೆ ಮೊದಲ ಗೇರ್. ನಿಂತ ಕಾರು ಪೆಟ್ರೋಲ್ ಕುಡಿಯುತ್ತಿದ್ದರೆ ಅದರ ಮೈಲೇಜ್ ಸೊನ್ನೆ. ಅಣ್ಣನ ಎಲ್ಲ ವಿದ್ಯೆಯೂ ಇಲ್ಲಿ ಮಾಡಬಲ್ಲದ್ದು, ಮುಂದಿನ ಕಾರಿನಿಂದ ಅಂತರ ಬಿಟ್ಟು ಆಮೆಯ ವೇಗದಲ್ಲಾದರೂ ನಿಲ್ಲದೆ ಉರುಳುವುದು. ಹಾಗೆ ಬಿಟ್ಟ ಅಂತರಕ್ಕೆ ಪ್ರತಿ ಸಲ ಯಾರೋ ನುಗ್ಗುತ್ತಿದ್ದರು. ಲೀಟರಿಗೆ 7. ಇದೇ ದೂರ ಖಾಲಿ ರಸ್ತೆಯಲ್ಲಾಗಿದ್ದರೆ ಸುಡುತ್ತಿದ್ದದ್ದಕ್ಕಿಂತ ಎರಡು ಲೀಟರ್ ಹೆಚ್ಚು. ಬೆಟ್ಟದಲ್ಲಿ ನನ್ನ ಆಟಕ್ಕೆ ಹೋದದ್ದರ ಎರಡರಷ್ಟು, ಅದೂ ಒಂದು ನಗೆಯೂ ಇಲ್ಲದೆ. ಎರಡು ಗಂಟೆ ತಡವಾಗಿ ಹೊರಟಿದ್ದರೆ ಸಾಕಾಗಿತ್ತು ಎಂದು ಇಬ್ಬರಿಗೂ ಒಂದೇ ಸಲ ಹೊಳೆಯಿತು. ಇಡೀ ಪ್ರವಾಸದಲ್ಲಿ ನಾವು ತಕರಾರಿಲ್ಲದೆ ಒಪ್ಪಿದ ಮಾತು ಅದೊಂದೇ.

ಕೊನೆಯ ಸಲ ಟ್ಯಾಂಕ್ ತುಂಬಿಸಿ, ಅಣ್ಣ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಲು ಹೊರಟ. ಬೆಟ್ಟದ ದಿನವನ್ನು ಬೇರೆ ಕಾಲಂನಲ್ಲಿ ಬರೆ ಎಂದೆ. ಟ್ಯಾಂಕ್ ಒಂದೇ, ಕಾಲಂ ಯಾಕೆ ಎರಡು ಎಂದ. ಎರಡನೆಯ ದಿನದ ಏಳೂವರೆ ಲೀಟರನ್ನು ನಾನು ಸುಮ್ಮನೆ ಬಿಟ್ಟುಕೊಡುತ್ತೇನೆ, ಇನ್ನು ಮುಂದೆ ನೇರ ರಸ್ತೆಯೆಲ್ಲ ನಿನ್ನದು, ಬೆಟ್ಟ ಮಾತ್ರ ನನ್ನದು ಎಂದು ಹೊಸ ಒಪ್ಪಂದ ಮುಂದಿಟ್ಟೆ. ಅವನು ಪೆನ್ನು ಕೆಳಗಿಟ್ಟ.

“ಎರಡು ಬೆಟ್ಟವೂ ನಿನಗೆ ಯಾಕೆ? ಮೊದಲನೆಯದರಲ್ಲಿ ನಾನು ನಿನಗಿಂತ ಚೆನ್ನಾಗಿ ತಿರುಗಿಸಿದ್ದೆ.”

ಅದು ಸುಳ್ಳಲ್ಲ, ಆದರೆ ಒಪ್ಪಿದರೆ ಕಾರಿನ ಬೀಗದ ಕೈ ಹೋಗುತ್ತದೆ. ಹತ್ತುವುದು ನನಗೆ, ಇಳಿಯುವುದು ನಿನಗೆ ಎಂದು ಹೇಳಿ ನೋಡಿದೆ. ಇಳಿಜಾರಿನಲ್ಲಿ ಸೊನ್ನೆ ತೋರಿಸುವ ಅಂಕಿ ಅವನಿಗೆ ನೆನಪಾಗಿರಬೇಕು; ಯೋಚಿಸಿ ಹೇಳುತ್ತೇನೆ ಎಂದ.